ಒನ್ಸ್ ಮೋರ್ ಇಲ್ಲದ ನಾಟಕ

ಕವಾಸಾಕಿ, ಜಪಾನ್
12 ಅಕ್ಟೋಬರ್ 1958

ಮಾವನಿಗೆ ನಾಣಿಯ ನಮಸ್ಕಾರ.

ಸ್ಟಾಂಪು ನೋಡಿ, ವಿಳಾಸ ತಪ್ಪಿ ಬಂದಿದೆ ಎಂದು ಪೋಸ್ಟಿನವನಿಗೆ ವಾಪಸು ಕೊಟ್ಟುಬಿಡಬೇಡಿ. ನಾನೇ, ನಿಮ್ಮ ತಂಗಿ ಚಿಕ್ಕಲಕ್ಷ್ಮಮ್ಮನ ಮಗ. ರಾಜಾಜಿನಗರದ ನಮ್ಮ ಕಾರ್ಖಾನೆಯಿಂದ ಮೂವರನ್ನು ಲೇತ್ ಯಂತ್ರದ ಕೆಲಸ ಕಲಿತು ಬನ್ನಿ ಎಂದು ಇಲ್ಲಿಗೆ ಕಳಿಸಿದ್ದಾರೆ. ಹಡಗಿನಲ್ಲಿ ಬಂದು ಎರಡು ತಿಂಗಳಾಯಿತು. ರಾಜಾಜಿನಗರದಿಂದ ನಿಮ್ಮ ಸುಂಕದಕಟ್ಟೆಗೆ ನಾಲ್ಕು ಮೈಲಿ. ಮೂರೂವರೆ ವರ್ಷ ಆ ನಾಲ್ಕು ಮೈಲಿ ದಾಟದವನು ಈಗ ಸಮುದ್ರ ದಾಟಿ ಕಾಗದ ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ನಕ್ಕುಬಿಡಿ.

ಬರೆಯಬಾರದು ಎಂದೇ ಇದ್ದೆ. ಅವ್ವ ಹೋದ ಮೂವತ್ತನೇ ದಿನ, ಆ ಶಿವರಾತ್ರಿ ನಾಟಕದಲ್ಲಿ, ನೀವು ನನ್ನನ್ನು ಒಂದು ಸಲ ಅಳಿಸಿ ಸಾಲದೆಂದು ಎರಡನೇ ಸಲ ಅಳಿಸಲು ಹೊರಟಿರಿ. ಹೆಣ್ಣು ಪಾರ್ಟಿನ ಸೀರೆ, ಬಣ್ಣ, ಸವರಿ ಜಡೆ ಸಮೇತ ಸ್ಟೇಜು ಇಳಿದು ಹೋದವನು ನಾನು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಬರೆದರೆ ಈ ಕಾಗದ ನಿಮಗೆ ತಲುಪುವ ಮೊದಲೇ ನಾನೇ ಹರಿದು ಹಾಕುತ್ತೇನೆ.

ಆದರೆ ಮೊನ್ನೆ ಇಲ್ಲಿ ಒಂದು ನಾಟಕ ನೋಡಿದೆ. ಯಾರಿಗಾದರೂ ಹೇಳಬೇಕೆನಿಸಿತು. ಯೋಚಿಸಿದರೆ ನಿಮ್ಮನ್ನು ಬಿಟ್ಟು ಇನ್ನೊಬ್ಬರು ನೆನಪಾಗಲಿಲ್ಲ.

ನಾಟಕ ಅಂದರೆ ಪರದೆ, ಸ್ಟೇಜು ಅಲ್ಲ. ಟೆಲಿವಿಷನ್ ಎಂಬ ಪೆಟ್ಟಿಗೆ ಇದೆ. ರೇಡಿಯೋದಷ್ಟೇ ದೊಡ್ಡದು, ಮುಂದೆ ಒಂದು ಗಾಜು. ಟೋಕಿಯೋದಲ್ಲಿ ಆಡುವುದು ಅದೇ ಗಳಿಗೆಯಲ್ಲಿ ಆ ಗಾಜಿನಲ್ಲಿ ಕಾಣುತ್ತದೆ. ನಾನು ಉಳಿದುಕೊಂಡಿರುವ ಬೀದಿಯ ಮೂಲೆಯಲ್ಲಿ ಹಾರು ಅಂತ ಒಬ್ಬ ಅಜ್ಜಿ ಶಾವಿಗೆ ಅಂಗಡಿ ಇಟ್ಟಿದ್ದಾಳೆ. ಒಂದು ಬಟ್ಟಲು ಶಾವಿಗೆ ತೆಗೆದುಕೊಂಡರೆ ಎಷ್ಟು ಹೊತ್ತಾದರೂ ಕೂತು ನೋಡಬಹುದು. ಪ್ರತಿ ಗುರುವಾರ ಅರ್ಧ ಗಂಟೆ ನಾಟಕ. ರಾಜ ಇಲ್ಲ, ರಾಣಿ ಇಲ್ಲ, ಯುದ್ಧ ಇಲ್ಲ. ಛತ್ರಿ ರಿಪೇರಿ ಮಾಡುವ ಒಬ್ಬ ಮುದುಕ, ಅವನ ಮಗಳು. ಇಬ್ಬರೂ ಕೂತು ಊಟ ಮಾಡುತ್ತಾರೆ. ಊಟ ಅಂದರೆ ಸುಳ್ಳು ಊಟವಲ್ಲ, ನಿಜವಾಗಿ ಅಗಿದು ನುಂಗುತ್ತಾರೆ. ಹಾಡು ಮೊದಲಿಗೊಂದು ಚೂರು, ಕೊನೆಗೊಂದು ಚೂರು, ಅಷ್ಟೆ. ದುಃಖ ಬಂದರೆ ಮಗಳು ನಮಗೆ ಬೆನ್ನು ತಿರುಗಿಸಿಬಿಡುತ್ತಾಳೆ. ಅವರ ಮಾತು ನನಗೆ ಅರ್ಥವಾಗುವುದಿಲ್ಲ. ಆದರೂ ಶಾವಿಗೆ ತಣ್ಣಗಾಗುವವರೆಗೆ ನೋಡಿದೆ.

ಏಪ್ರಿಲ್‌ಗೆ ತರಬೇತಿ ಮುಗಿಯುತ್ತದೆ. ಆಮೇಲೆ ಬೊಂಬಾಯಿಯ ಹೊಸ ಕಾರ್ಖಾನೆಗೆ ಬರುತ್ತೀಯಾ ಎಂದು ಕೇಳಿದ್ದಾರೆ. ಮಾರ್ಚಿ ಕೊನೆಯೊಳಗೆ ಉತ್ತರ ಹೇಳಬೇಕು. ಹೋಗಿಬಿಡುವ ಯೋಚನೆ. ಬೆಂಗಳೂರಿನಲ್ಲಿ ನನಗೆ ಯಾರಿದ್ದಾರೆ?

ಅತ್ತೆಗೆ ನಮಸ್ಕಾರ ತಿಳಿಸಿ.

ನಾಣಿ

---

ಸುಂಕದಕಟ್ಟೆ
2 ನವೆಂಬರ್ 1958

ನಾಣಿಗೆ ಅಂಜಿನಯ್ಯನ ಆಶೀರ್ವಾದ.

ನಿನ್ನ ಕಾಗದವನ್ನು ಪೋಸ್ಟಿನ ಕೃಷ್ಣಯ್ಯ ದಾರಿಯುದ್ದಕ್ಕೂ ತೋರಿಸಿಕೊಂಡು ಬಂದ. ನನ್ನ ಕೈ ಸೇರುವ ಹೊತ್ತಿಗೆ ಹೆಗ್ಗನಹಳ್ಳಿಗೂ ಸುದ್ದಿ ಮುಟ್ಟಿತ್ತು. ನಿನ್ನ ಅತ್ತೆ ಮುನಿತಾಯಮ್ಮ ಕಾಗದವನ್ನು ಮೂಸಿ ನೋಡಿ, "ಅಲ್ಲಿ ಮುದ್ದೆ ಮಾಡ್ಕೊಡೋರು ಯಾರವ್ರೆ ಅಂತ ಕೇಳ್ರೀ" ಎಂದಳು. ಕೇಳಿದ್ದೇನೆ. ಉತ್ತರ ಬರೆ. ಇಲ್ಲದಿದ್ದರೆ ಅವಳು ನನಗೆ ಮುದ್ದೆ ಮಾಡಿಕೊಡುವುದಿಲ್ಲ.

ಇನ್ನು ನಿನ್ನ ನಾಟಕ. ನಾನು ಮೂವತ್ತೆರಡು ವರ್ಷದಿಂದ ಹಳ್ಳಿಹಳ್ಳಿ ತಿರುಗಿ ಹಾರ್ಮೋನಿಯಂ ಬಾರಿಸಿ ನಾಟಕ ಕಲಿಸುವವನು. ನೇಗಿಲು ಹಿಡಿದ ಕೈಗೆ ಕತ್ತಿ ಹಿಡಿಸಿದ್ದೇನೆ. ಹಾಡಿಲ್ಲದ್ದನ್ನು ನಾಟಕ ಅಂತ ನನ್ನ ಶಿಷ್ಯನೇ ಬರೆಯುತ್ತಾನಲ್ಲ, ನನ್ನ ಕರ್ಮ. ಊಟ ಮಾಡುವುದನ್ನು ನೋಡಲು ಜಪಾನಿಗೆ ಹೋಗಬೇಕೇ? ನಮ್ಮ ಜಗಲಿ ಮೇಲೆ ಕೂತಿದ್ದರೆ ದಿನಕ್ಕೆ ಎರಡು ಆಟ ನೋಡಬಹುದಿತ್ತು. ಬೆನ್ನು ತೋರಿಸುವ ಪಾರ್ಟಿಗೆ ಮುಖಕ್ಕೆ ಬಣ್ಣ ಏತಕ್ಕೆ? ಸಭೆಗೆ ಬೆನ್ನು ಹಾಕಬಾರದು ಅಂತ ನಿನಗೆ ಎಂಟನೇ ವಯಸ್ಸಿನಲ್ಲಿ ಕೋಲಿನಲ್ಲಿ ಹೊಡೆದು ಕಲಿಸಿದ್ದೆ. ಕೋಲು ಇನ್ನೂ ಅಟ್ಟದ ಮೇಲಿದೆ.

ಛತ್ರಿ ರಿಪೇರಿಯವನ ಮೇಲೆ ನಾಟಕ ಅಂತ ನಮ್ಮ ಹನುಮಯ್ಯನಿಗೆ ಹೇಳಿದೆ. ಅವನೂ ಛತ್ರಿ ರಿಪೇರಿಯವನೇ ಅಲ್ಲವೇ. ಎರಡು ದಿನದಿಂದ ಬಹಳ ಗತ್ತಿನಲ್ಲಿದ್ದಾನೆ. "ಮೇಷ್ಟ್ರೇ, ನನ್ ಪಾರ್ಟು ಯಾವಾಗ ಬರೀತೀರಾ?" ಅಂತ ಬೆಳಗ್ಗೆ ಬೆಳಗ್ಗೆ ಬಂದು ಕೂತುಕೊಳ್ಳುತ್ತಾನೆ. ಇದೆಲ್ಲ ನಿನ್ನಿಂದ.

ಹಳೆಯದನ್ನು ಬಿಡಿಸಿ ಬರೆಯುವುದಿಲ್ಲ ಎಂದಿದ್ದೀಯ. ಒಳ್ಳೆಯದಾಯಿತು. ನಾನೂ ಬರೆಯುವುದಿಲ್ಲ. ಬೊಂಬಾಯಿ ಬಹಳ ದೂರ ಕಣೋ, ಅಲ್ಲಿ ಸೆಕೆ ಜಾಸ್ತಿ ಅಂತೆ.

ಆ ಹುಡುಗಿ ಬೆನ್ನು ತಿರುಗಿಸಿದಾಗ ಅಂಗಡಿಯವರು ಸುಮ್ಮನಿದ್ದರೇ? ಯಾರೂ ಕೂಗಲಿಲ್ಲವೇ?

ಅಂಜಿನಯ್ಯ

---

ಕವಾಸಾಕಿ
23 ನವೆಂಬರ್ 1958

ಮಾವ, ನಿಮ್ಮ ಬೈಗುಳ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೂರು ಸಲ ಓದಿದೆ.

ಅತ್ತೆಗೆ ಹೇಳಿ, ಮುದ್ದೆ ಮಾಡಿಕೊಡುವವರು ಯಾರೂ ಇಲ್ಲ. ಕನಸಿನಲ್ಲಿ ಬಸ್ಸಾರಿನ ವಾಸನೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ಯಾರೂ ಕೂಗಲಿಲ್ಲ. ಹಾರು ಅಜ್ಜಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಅದೇ ಇಲ್ಲಿಯ ಚಪ್ಪಾಳೆ ಅಂತ ಕಾಣುತ್ತದೆ.

ನನ್ನ ಜೊತೆ ಲೇತ್ ಮೇಲೆ ನಿಲ್ಲುವ ಮೊರಿತಾಗೆ ನನ್ನಷ್ಟೇ ಹರಕು ಇಂಗ್ಲಿಷ್ ಬರುತ್ತದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಕೊಂಡೆ. ಇವರ ನಾಟಕದ ರೀತಿಯೇ ಬೇರೆ. ಹದಿಮೂರು ವಾರ ಅಂತ ಮೊದಲೇ ಗೊತ್ತು ಮಾಡಿರುತ್ತಾರಂತೆ. ಎಷ್ಟೇ ಚೆನ್ನಾಗಿರಲಿ, ಹದಿನಾಲ್ಕನೇ ವಾರ ಇಲ್ಲ. ಹೊರಗೆ ಮಳೆಗಾಲವಾದರೆ ನಾಟಕದ ಮನೆಯಲ್ಲೂ ಛತ್ರಿಗಳು ತುಂಬಿರುತ್ತವೆ. ಈಗ ಚಳಿ ಶುರುವಾಯಿತು, ಮುದುಕ ಮೊನ್ನೆ ಕೆಂಡದ ಮಡಕೆ ಹೊರಗೆ ತೆಗೆದ. ಅದೇ ದಿನ ಹಾರು ಅಜ್ಜಿಯೂ ತೆಗೆದಿದ್ದಳು. ಕೆಟ್ಟವರು ಅಂತ ಯಾರೂ ಇಲ್ಲ. ಎಲ್ಲರೂ ಒಳ್ಳೆಯವರೇ, ಆದರೂ ಒಬ್ಬರಿಂದೊಬ್ಬರಿಗೆ ನೋವಾಗುತ್ತದೆ. ಗಾಜು ಚಿಕ್ಕದಲ್ಲವೇ, ಅದಕ್ಕೇ ಮುಖ ಹತ್ತಿರದಿಂದ ತೋರಿಸುತ್ತಾರೆ. ಕೈ ಬೀಸಿ ಅಭಿನಯಿಸುವ ಹಾಗೇ ಇಲ್ಲ. ರೆಪ್ಪೆ ಅಲುಗಿದರೆ ಸಾಕು.

ಎಲ್ಲಕ್ಕಿಂತ ದೊಡ್ಡ ಸಂಗತಿ, ತಪ್ಪಿದರೆ ತಿದ್ದುವ ಹಾಗಿಲ್ಲ. ಹಿಂದಿನ ವಾರ ಮುದುಕನ ಕೈಯಿಂದ ಚಹಾದ ಬಟ್ಟಲು ಜಾರಿ ಚಾಪೆ ಮೇಲೆಲ್ಲ ಚೆಲ್ಲಿತು. ಅದು ಕಥೆಯಲ್ಲಿ ಇರಲಿಲ್ಲ ಅಂತ ಅವನ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಮಗಳು ಬಟ್ಟೆ ತಂದು ಒರೆಸಿ ಅಪ್ಪನನ್ನು ಸಣ್ಣಗೆ ಬೈದಳು. ಕಥೆ ಮುಂದೆ ಹೋಯಿತು. ನೀವಾಗಿದ್ದರೆ ಹಾರ್ಮೋನಿಯಂ ಪೆಟ್ಟಿಗೆ ಬಿಟ್ಟು ಎದ್ದು ಬಂದು ಕಿವಿ ಹಿಂಡುತ್ತಿದ್ದಿರಿ.

ಈ ಗುರುವಾರದ್ದನ್ನು ಹೇಳಿ ಮುಗಿಸುತ್ತೇನೆ. ಆ ಮನೆಯ ತಾಯಿ ಸತ್ತು ವರ್ಷವಾಗಿದೆ. ಮಗಳು ಊಟಕ್ಕೆ ಬಡಿಸುತ್ತಾ ಮೂರು ಬಟ್ಟಲಿಗೆ ಅನ್ನ ಹಾಕಿದಳು. ಮೂರನೆಯದನ್ನು ಕೈಯಲ್ಲಿ ಹಿಡಿದು ನಿಂತಳು. ಆಮೇಲೆ ಅಳಲಿಲ್ಲ, ಹಾಡಲಿಲ್ಲ, ಅನ್ನವನ್ನು ವಾಪಸು ಪಾತ್ರೆಗೆ ಹಾಕಿ ಮುಚ್ಚಿದಳು. ಅಪ್ಪ ತಲೆ ಎತ್ತದೆ ಉಪ್ಪಿನಕಾಯಿ ಕೇಳಿದ. ಅಷ್ಟೇ ಮಾವ. ತಕ್ಷಣ ಸೋಪಿನ ಜಾಹೀರಾತು ಬಂತು. ನಾನು ಹೊರಗೆ ಬಂದು ಗೋಡೆ ಹಿಡಿದು ಅತ್ತೆ. ಅವ್ವನಿಗಾಗಿ ಅಷ್ಟು ಸಮಾಧಾನವಾಗಿ ಅತ್ತದ್ದು ಅದೇ ಮೊದಲು. ನೋಡುವವರು ಯಾರೂ ಇರಲಿಲ್ಲ.

ನಾಣಿ

---

ಸುಂಕದಕಟ್ಟೆ
20 ಡಿಸೆಂಬರ್ 1958

ನಾಣಿ,

ಬೇಗ ಬರೆಯಲಿಲ್ಲ. ನೆಗಡಿ ಅಂತ ಬರೆಯೋಣ ಎಂದುಕೊಂಡೆ. ನೆಗಡಿ ಇರಲಿಲ್ಲ.

ನಿನ್ನ ಆ ಮೂರನೇ ಬಟ್ಟಲಿನ ವಿಷಯ ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು ಒಲೆ ಮುಂದೆ ಕೂತಿದ್ದಳು. ಸೌದೆ ಮುಂದೆ ತಳ್ಳಿ, "ನಾನೂ ಹಂಗೇ ಅಲ್ವಾ" ಎಂದಳು. ನಿನಗೆ ಗೊತ್ತಿಲ್ಲ, ಗೊತ್ತಾಗಲಿ ಅಂತ ಬರೆಯುತ್ತೇನೆ. ನೀನು ಹೋದಾಗಿನಿಂದ ಪ್ರತಿ ಹಬ್ಬದ ದಿನ ಅವಳು ಮೂರು ಎಲೆ ಹಾಕುತ್ತಾಳೆ. ನಾನು ಬಂದು ಕೂರುವ ಮುಂಚೆ ಒಂದನ್ನು ಎತ್ತಿ ಹಸುವಿಗೆ ಹಾಕುತ್ತಾಳೆ. ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ನಾನು ಬಾಗಿಲಲ್ಲಿ ನಿಂತು ಎಲೆ ಎತ್ತುವವರೆಗೆ ಕಾದು, ಆಮೇಲೆ ಕೆಮ್ಮಿ ಒಳಗೆ ಬರುತ್ತೇನೆ.

ನಾವೂ ಜಪಾನಿನವರೇ ಅಂತ ಆಯಿತು.

ಶಿವರಾತ್ರಿ ನಾಟಕಕ್ಕೆ ತಾಲೀಮು ಶುರುವಾಗಿದೆ. ಅದೇ ನಾಟಕ, ನಾನೇ ಕಟ್ಟಿದ್ದು. ಕಾಡುಪಾಲಾದ ರಾಣಿ, ಅವಳ ಮಗಳು. ರಾಜಕುಮಾರಿಯ ಪಾರ್ಟು ಈಗ ಮರಿಯಪ್ಪನದು. ಮೀಸೆ ತೆಗೆಸುವುದಕ್ಕೇ ಒಂದು ವಾರ ಹಿಡಿಯಿತು. ಅವನಿಗೆ ನಿನ್ನ ಜಪಾನಿ ಹುಡುಗಿಯ ವಿಷಯ ಹೇಳಿ, ಅಳುವಾಗ ಒಂದು ಸಲ ಬೆನ್ನು ತಿರುಗಿಸಿ ನೋಡು ಎಂದೆ. ತಿರುಗಿದ. ಹಿಂದೆ ಇದ್ದ ಪರದೆ ಬಿತ್ತು. ಆ ಬೆನ್ನು ನಮ್ಮೂರಿನ ಯಾವ ಸ್ಟೇಜಿಗೂ ಹಿಡಿಸುವುದಿಲ್ಲ.

ನೀನು ಏಪ್ರಿಲ್ ಕೊನೆಗೆ ಬರುವುದಾದರೆ ಹೇಳು. ನಾಟಕವನ್ನು ಮೇ ತಿಂಗಳಿಗೆ ಹಾಕಿಸುತ್ತೇನೆ. ಗೌಡರು ನಂಜುಂಡಪ್ಪನವರು ಗೊಣಗಲಿ ಬಿಡು. ಪಾರ್ಟು ನಿನ್ನದೇ. ಬೊಂಬಾಯಿಯವರು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಾರೆ.

ಅಂಜಿನಯ್ಯ

---

ಕವಾಸಾಕಿ
11 ಜನವರಿ 1959

ಮಾವ,

ಛತ್ರಿಯ ನಾಟಕ ಮುಗಿಯಿತು. ಕೊನೆಯ ದಿನ ಮಗಳು ಗಂಡನ ಮನೆಗೆ ಹೋದಳು. ಅಪ್ಪ ಒಬ್ಬನೇ ಕೂತು ಹರಿದ ಛತ್ರಿ ಬಿಚ್ಚಿ ಬೆಳಕಿಗೆ ಹಿಡಿದು ತೂತು ಹುಡುಕಿದ. ಮುಗಿಯಿತು. ಹಾರು ಅಜ್ಜಿಗೆ ಆ ಮುದುಕ ಎಂದರೆ ಪ್ರಾಣ. ಆದರೂ ಇನ್ನೊಂದು ವಾರ ಆಡಲಿ ಅಂತ ಅವಳು ಅನ್ನಲಿಲ್ಲ. "ಪಾಪ, ಅವನಿಗೂ ಸುಸ್ತಾಗಿರುತ್ತೆ" ಎಂದಳಂತೆ, ಮೊರಿತಾ ತಿಳಿಸಿದ.

ಆ ಮಾತು ಕೇಳಿ, ಬಿಡಿಸಿ ಬರೆಯುವುದಿಲ್ಲ ಎಂದಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಮೇ ತಿಂಗಳ ನಾಟಕಕ್ಕೆ ನನ್ನನ್ನು ಕಾಯಬೇಡಿ. ಆ ಪಾರ್ಟು ನನ್ನಿಂದ ಆಗುವುದಿಲ್ಲ.

ಆ ಶಿವರಾತ್ರಿ, ಬೆಳಗಿನ ಜಾವದ ಸೀನು. ರಾಜಕುಮಾರಿ ಸತ್ತ ತಾಯಿಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಹಾಡಬೇಕು. ಹಾಡಿನ ಮಟ್ಟು ಅವ್ವ ರಾಗಿ ಬೀಸುವಾಗ ಹಾಡುತ್ತಿದ್ದ ಮಟ್ಟು, ನೀವೇ ಅವಳಿಂದ ಕೇಳಿ ನಾಟಕಕ್ಕೆ ಹಾಕಿದ್ದು. ನಾನು ಪಾರ್ಟು ಮಾಡಲಿಲ್ಲ ಮಾವ, ನಿಜವಾಗಿ ಅತ್ತೆ. ಹಾಡು ಮುಗಿಯಿತು. ಆಮೇಲೆ ಯಾರೋ ಒಬ್ಬ "ಒನ್ಸ್ ಮೋರ್" ಎಂದು ಕೂಗಿದ. ಅವನ ಹಿಂದೆಯೇ ಇಡೀ ಸಭೆ ಕೂಗಿತು. ನಂಜುಂಡಪ್ಪನವರು ಬೆಳ್ಳಿ ಮೆಡಲು ಎತ್ತಿ ಹಿಡಿದರು. ಆಗ ರಾಣಿಯ ಪಾರ್ಟು ಮಾಡಿದ್ದ ಮರಿಯಪ್ಪ, ಸತ್ತವನು, ಎದ್ದು ಕೂತು, ಸೀರೆ ಸರಿಮಾಡಿಕೊಂಡು, ನನ್ನ ತೊಡೆ ಮೇಲೆ ಮತ್ತೆ ಸಾಯಲು ಮಲಗಿದ. ನೀವು ಪೆಟ್ಟಿಗೆಯ ಮೇಲೆ ಕೈಯಿಟ್ಟು ಅದೇ ಶ್ರುತಿ ಹಿಡಿದಿರಿ.

ಒನ್ಸ್ ಮೋರ್ ಎಂದರೆ ಸತ್ತವರೂ ಏಳಬೇಕು, ನಮ್ಮ ಪದ್ಧತಿ. ಬೇರೆ ದಿನ ನಾನೂ ನಗುತ್ತಿದ್ದೆ. ಆ ದಿನ ನನ್ನ ಅವ್ವ ಎದ್ದಿರಲಿಲ್ಲ.

ಮೊದಲು ಕೂಗಿದವನು ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಅವನ ಮೇಲಿನ ಸಿಟ್ಟು ಹೋಗಿಲ್ಲ. ಆದರೆ ಅವನು ಯಾರೋ ದಾರಿಹೋಕ. ನೀವು ಅವಳ ಒಡಹುಟ್ಟಿದ ಅಣ್ಣ. ಪೆಟ್ಟಿಗೆ ಯಾಕೆ ನಿಲ್ಲಿಸಲಿಲ್ಲ? ಇದೊಂದನ್ನು ಹೇಳಿ. ಹೇಳದಿದ್ದರೂ ನಿಮ್ಮ ಮೇಲೆ ಪ್ರೀತಿ ಇದೆ, ಆದರೆ ಬೊಂಬಾಯಿಗೆ ಹೋಗುತ್ತೇನೆ.

ನಾಣಿ

---

ಸುಂಕದಕಟ್ಟೆ
12 ಮಾರ್ಚ್ 1959

ನಾಣಿ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದೆ, ಒಲೆಗೆ ಹಾಕಿದೆ. ನಿನ್ನ ಅತ್ತೆ ಕೊನೆಗೆ, "ಒಲೆಗೆ ಸೌದೆ ಐತೆ, ನಿಮ್ ಕಾಗ್ದ ಬ್ಯಾಡ. ನಾಟ್ಕ ಮುಗೀಲಿ, ಆಮೇಲ್ ಬರೀರಿ" ಎಂದಳು. ಶನಿವಾರ ಶಿವರಾತ್ರಿ ನಾಟಕ ಆಯಿತು. ಈಗ ಬರೆಯುತ್ತೇನೆ.

ಜನ ಸೇರಿದ್ದರು. ಹೆಗ್ಗನಹಳ್ಳಿ, ಅಂದ್ರಹಳ್ಳಿಯಿಂದೆಲ್ಲ ಗಾಡಿ ಕಟ್ಟಿಕೊಂಡು ಬಂದಿದ್ದರು. ಹನುಮಯ್ಯನಿಗೆ ಒಂದು ಪಾರ್ಟು ಬರೆದಿದ್ದೆ. ರಾಣಿ ಕಾಡಿಗೆ ಹೋಗುವಾಗ ಬಿಸಿಲಿಗೆ ಛತ್ರಿ ಹಿಡಿಯುತ್ತಾನೆ, ಮಾತಿಲ್ಲ. ಛತ್ರಿ ಬಿಚ್ಚಿಕೊಳ್ಳಲಿಲ್ಲ. ರಿಪೇರಿಯವನ ಛತ್ರಿ ನೋಡು. ಜನ ಬಿದ್ದು ಬಿದ್ದು ನಕ್ಕರು, ಅವನು ಗಂಭೀರವಾಗಿ ಮುಚ್ಚಿದ ಛತ್ರಿಯನ್ನೇ ಹಿಡಿದು ನಡೆದ. ನಾನು ಎದ್ದು ಹೋಗಿ ಕಿವಿ ಹಿಂಡಲಿಲ್ಲ. ಚಹಾ ಚೆಲ್ಲಿದ ಕಥೆ ನೆನಪಾಯಿತು.

ಬೆಳಗಿನ ಜಾವಕ್ಕೆ ಆ ಸೀನು ಬಂತು. ಮರಿಯಪ್ಪ ಹಾಡುತ್ತಾ ಹಾಡುತ್ತಾ, ಪರದೆ ಬಿದ್ದ ಮೇಲೆ ನಾನು ಬೇಡ ಎಂದಿದ್ದರೂ, ಕೊನೆಯ ಸಾಲಿಗೆ ತಾನೇ ಬೆನ್ನು ತಿರುಗಿಸಿದ. "ಏಯ್, ಈ ಕಡೆ ತಿರುಗ್ಲಾ" ಅಂತ ಒಬ್ಬ ಅಂದ. ಆಮೇಲೆ ಅವನೂ ಸುಮ್ಮನಾದ. ದಪ್ಪ ಬೆನ್ನು ಕಣೋ, ಆದರೆ ಅಳುತ್ತಿತ್ತು. ಹಾಡು ಮುಗಿಯಿತು. ಸ್ವಲ್ಪ ಹೊತ್ತಿಗೆ ಒನ್ಸ್ ಮೋರ್ ಶುರುವಾಯಿತು. ನಂಜುಂಡಪ್ಪನವರು ಮೆಡಲು ಎತ್ತಿದರು. ಸತ್ತ ರಾಣಿ ಅಭ್ಯಾಸಬಲದಿಂದ ಏಳಲು ಹೊರಟಳು.

ನಾನು ಪೆಟ್ಟಿಗೆ ಮುಚ್ಚಿದೆ. ತಿದಿಯ ಗಾಳಿ ಹೋಗುವ ಸದ್ದು ಎಲ್ಲರಿಗೂ ಕೇಳಿತು. ಎದ್ದು ಸ್ಟೇಜಿನ ಮೇಲೆ ಹೋಗಿ, "ಸತ್ತೋಳು ಸತ್ತಿದ್ದಾಳೆ. ಎಬ್ಬಿಸಾಕಾಗಲ್ಲ. ಮುಂದಿನ ಸೀನು" ಎಂದೆ. ಮೂವತ್ತೆರಡು ವರ್ಷದಲ್ಲಿ ಸಭೆಗೆ ಎದುರು ಮಾತಾಡಿದ್ದು ಅದೇ ಮೊದಲು. ನಂಜುಂಡಪ್ಪನವರು ಮೆಡಲು ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಮುಂದಿನ ವರ್ಷಕ್ಕೆ ಮಾಗಡಿಯಿಂದ ಬೇರೆ ಮೇಷ್ಟರನ್ನು ಕರೆಸುತ್ತಾರಂತೆ. ಕರೆಸಲಿ.

ಇದು ಈ ವರ್ಷದ್ದಾಯಿತು. ನೀನು ಕೇಳಿದ್ದು ಆ ವರ್ಷದ್ದು.

ನನ್ನ ತಂಗಿ ಸತ್ತಾಗ ನಾನು ಅಳಲಿಲ್ಲ. ನೀನು ನೋಡಿದ್ದೀಯ. ಚಟ್ಟ ಕಟ್ಟಿಸಿದೆ, ಬಂದವರನ್ನು ವಿಚಾರಿಸಿಕೊಂಡೆ, ತಿಥಿ ಮಾಡಿಸಿದೆ. ಊರಿನವರನ್ನೆಲ್ಲ ಅಳಿಸುವವನಿಗೆ ತನ್ನ ಅಳು ಬರಲಿಲ್ಲ. ಆ ರಾತ್ರಿ ನೀನು ಹಾಡಲು ಶುರುಮಾಡಿದಾಗ, ಎರಡನೇ ಸಾಲಿಗೆ, ಅದು ನಿನ್ನ ದನಿಯಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ನನ್ನ ಲಕ್ಷ್ಮಿಯ ದನಿ. ನಾನು ಪೆಟ್ಟಿಗೆಗೆ ತಲೆ ಬಗ್ಗಿಸಿ ಅತ್ತೆ. ಹಾಡು ಮುಗಿಯಿತು. ಅವಳು ಹೊರಟುಹೋದಳು. ಇನ್ನೊಂದು ಸಲ ಕೇಳಿಬಿಟ್ಟರೆ ಸಾಕು ಅನ್ನಿಸಿತು.

ಮೊದಲು ಕೂಗಿದವನು ಸಭೆಯಲ್ಲಿ ಇರಲಿಲ್ಲ ನಾಣಿ. ಪೆಟ್ಟಿಗೆಯ ಹಿಂದೆ ಇದ್ದ, ಅತ್ತು ಒಡೆದ ದನಿ ನಿನಗೆ ಗುರುತು ಸಿಗಲಿಲ್ಲ. ನಾನೇ.

ನಿನಗೆ ಏನಾಗುತ್ತಿದೆ ಅಂತ ನೋಡಲಿಲ್ಲ. ನನ್ನ ದುಃಖವೊಂದೇ ಕಂಡಿತು. ಅದು ತಪ್ಪು. ತಿದ್ದಲು ಬರುವುದಿಲ್ಲ ಅಂತಲೂ ಗೊತ್ತು. ನಿನ್ನ ಮನಸ್ಸಿಗೆ ಬಂದ ಕಡೆ ಹೋಗು, ಬೊಂಬಾಯಿಯಾದರೆ ಬೊಂಬಾಯಿ. ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು.

ನಿನ್ನ ಮಾವ
ಅಂಜಿನಯ್ಯ

---

ಕವಾಸಾಕಿ
26 ಮಾರ್ಚ್ 1959

ಮಾವ,

ನಿಮ್ಮ ಕಾಗದ ಹಾರು ಅಜ್ಜಿಯ ಅಂಗಡಿಯಲ್ಲಿ ಕೂತು ಓದಿದೆ. ಗಾಜಿನಲ್ಲಿ ಹೊಸ ನಾಟಕ ಬರುತ್ತಿತ್ತು, ನೋಡಲಿಲ್ಲ. ಅಜ್ಜಿ ನನ್ನ ಮುಖ ನೋಡಿ ಇನ್ನೊಂದು ಬಟ್ಟಲು ಶಾವಿಗೆ ತಂದಿಟ್ಟಳು.

ಮೊದಲು ಕೂಗಿದವನ ಮೇಲೆ ನಾಲ್ಕು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಅವನಿಗೂ ಅವ್ವನೇ ಬೇಕಾಗಿತ್ತು ಅಂತ ನನಗೆ ಹೊಳೆಯಲೇ ಇಲ್ಲ. ನಾವಿಬ್ಬರೂ ಒಂದೇ ಸೀನಿನಲ್ಲಿ ಅತ್ತೆವು, ಒಬ್ಬರಿಗೊಬ್ಬರು ಕಾಣಿಸಲಿಲ್ಲ ಅಷ್ಟೆ.

ಬೊಂಬಾಯಿಯವರಿಗೆ ಇವತ್ತು ಬೆಳಗ್ಗೆ ಬೇಡ ಎಂದು ಬರೆದು ಹಾಕಿದೆ. ಹಡಗು ಏಪ್ರಿಲ್ ಹದಿನೆಂಟಕ್ಕೆ. ಮೇ ಎರಡನೇ ವಾರ ಮಾಗಡಿ ರಸ್ತೆಯ ಬಸ್ಸು ಇಳಿಯುತ್ತೇನೆ. ಅತ್ತೆಗೆ ಹೇಳಿ, ಆ ದಿನ ಮೂರು ಎಲೆ ಹಾಕಲಿ, ಹಸುವಿಗೆ ಬೇರೆ ಹುಲ್ಲು ಹಾಕಲಿ. ಹನುಮಯ್ಯನಿಗೆ ಇಲ್ಲಿಂದ ಒಂದು ಛತ್ರಿ ತರುತ್ತಿದ್ದೇನೆ, ಬಿಚ್ಚಿಕೊಳ್ಳುತ್ತದೆ.

ರಾಜಕುಮಾರಿಯ ಪಾರ್ಟು ಮರಿಯಪ್ಪನಿಗೇ ಇರಲಿ. ನಾನು ಇನ್ನು ಸೀರೆ ಉಡುವುದಿಲ್ಲ. ಮಾಗಡಿಯ ಮೇಷ್ಟರಿಗೆ ಅವನ ಬೆನ್ನು ಹಿಡಿಸಿದರೆ ಸರಿ.

ಊಟವಾದ ಮೇಲೆ ನೀವು ಪೆಟ್ಟಿಗೆಯನ್ನು ನಡುಮನೆಗೆ ತನ್ನಿ. ಬಾಗಿಲು ಹಾಕೋಣ. ನೀವು, ಅತ್ತೆ, ನಾನು, ಅಷ್ಟೇ ಸಭೆ. ಅವ್ವನ ಹಾಡು ಹಾಡುತ್ತೇನೆ. ಮುಗಿದ ಮೇಲೆ ನೀವು ಒನ್ಸ್ ಮೋರ್ ಅನ್ನಿ. ಎಷ್ಟು ಸಲ ಅಂದರೂ ಹಾಡುತ್ತೇನೆ.

ನಿಮ್ಮ
ನಾಣಿ